ಫ್ರಿಜ್ಜಿಗೆ ಬೀಗ ಹಾಕಿದ ಎಪಿಸೋಡು

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಸೀರಿಯಲ್ ಮಾತೆತ್ತಿದರೆ ಮೂಗು ಮುರಿಯುತ್ತಿದ್ದೆ. 'ಅದನ್ನೆಲ್ಲ ನೋಡೋಕೆ ಟೈಮ್ ಎಲ್ಲಿದೆ' ಅನ್ನುತ್ತಿದ್ದೆ. ಟೈಮ್ ಇರಲಿಲ್ಲ ಅನ್ನುವುದು ಸುಳ್ಳಲ್ಲ. ಆದರೆ ನೋಡದೆಯೇ ಒಂದು ಸೀರಿಯಲ್ಲಿನ ಕಥೆಯನ್ನು ದಿನವೂ ತಪ್ಪದೆ ತಿಳಿದುಕೊಳ್ಳುತ್ತಿದ್ದೆ. ಆ ಚಪಲವನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮದು ಎರಡು ರೂಮಿನ ಮನೆ. ಒಂದು ರೂಮು ನಮಗೆ, ಇನ್ನೊಂದು ಇಬ್ಬರು ಮಕ್ಕಳಿಗೆ. ಹಾಲಿನಲ್ಲಿ ಸಂಜೆ ಆರರಿಂದ ಎಂಟರವರೆಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್. ನನ್ನ ಸೀರಿಯಲ್ ಬರುವುದೂ ಅದೇ ಹೊತ್ತಿಗೆ. ಗೋಡೆಯ ಮೇಲೆ ಟಿ.ವಿ. ಕಪ್ಪಗೆ ಕೂತಿರುತ್ತಿತ್ತು, ಅದರ ಕೆಳಗೆ ನಾನು ಸಂಧಿ ಬಿಡಿಸುತ್ತಾ ಕೂತಿರುತ್ತಿದ್ದೆ. ಎಂಟೂವರೆಗೆ ಕುಣಿಗಲ್‌ನಿಂದ ನನ್ನ ನಾದಿನಿಯ ಫೋನ್ ಬರುತ್ತಿತ್ತು. ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ, ಸ್ಪೀಕರ್ ಹಾಕಿ, ಚಪಾತಿ ಲಟ್ಟಿಸುತ್ತಾ ಆ ದಿನದ ಕಥೆ ಕೇಳುತ್ತಿದ್ದೆ.

ಕಥೆ ಹೇಳುವುದು ಅವಳಿಗೆ ಹೊಸದಲ್ಲ. ಮದುವೆಗೆ ಮುಂಚೆ ಅವಳು ಇದೇ ಮನೆಯಲ್ಲಿ ನಮ್ಮೊಂದಿಗಿದ್ದಳು. ನನ್ನ ಅತ್ತೆಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಜಾಹೀರಾತು ಬಂದ ಕೂಡಲೇ 'ಅವಳು ಯಾಕೆ ಅಳ್ತಿದಾಳೆ?' ಎಂದು ಕೇಳುತ್ತಿದ್ದರು. ಇವಳು ಸೋಪಿನ ಜಾಹೀರಾತು ಮುಗಿಯುವುದರೊಳಗೆ ಇಡೀ ಎಪಿಸೋಡನ್ನು ಉರ್ದುವಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಟಿ.ವಿ.ಗಿಂತ ಮಗಳೇ ಚೆನ್ನಾಗಿ ಹೇಳುತ್ತಾಳೆ ಎಂದು ಅತ್ತೆ ತೀರಿಹೋಗುವವರೆಗೂ ಹೊಗಳುತ್ತಿದ್ದರು. ನಾವು ಮನೆಯಲ್ಲಿ ಆಡುವುದು ಉರ್ದು. ಆದರೆ ಸೀರಿಯಲ್ ವಿಷಯ ಬಂದರೆ ನಾವಿಬ್ಬರೂ ಕನ್ನಡಕ್ಕೆ ತಿರುಗಿಬಿಡುತ್ತಿದ್ದೆವು, ಅದು ಎಂದಿನಿಂದಲೋ ಬಂದ ಅಭ್ಯಾಸ. ಫೋನಿನಲ್ಲೂ ಹಾಗೇ. ಅವಳ ಮಗುವಿನ ಜ್ವರ, ಗಂಡನ ಬಟ್ಟೆ ಅಂಗಡಿಯ ವ್ಯಾಪಾರ, ಯಾರ ಮದುವೆಗೆ ಯಾರು ಬಂದರು, ಎಲ್ಲ ಉರ್ದುವಿನಲ್ಲಿ ಎರಡು ನಿಮಿಷ. ಆಮೇಲೆ ಅವಳು ಗಂಟಲು ಸರಿಮಾಡಿಕೊಂಡು ಕನ್ನಡಕ್ಕೆ ಬಂದರೆ ಸೀರಿಯಲ್ ಶುರುವಾಯಿತು ಅಂತ ಲೆಕ್ಕ. ಕನ್ನಡದಲ್ಲೂ ನಾನು ಅವಳಿಗೆ ಅತ್ತಿಗೆಯಲ್ಲ, ಭಾಬಿಯೇ.

ಒಂದು ದಿನ ಅವಳು ಅಂದಳು. "ಕಥೆ ಐದು ವರ್ಷ ಮುಂದಕ್ಕೆ ಹೋಗ್ಬಿಡ್ತು ಭಾಬಿ. ಹಳದಿ ಸೀರೆಗೆ ಈಗ ಒಬ್ಳು ಮಗಳು."

ಸೀರಿಯಲ್ಲಿನ ಸೊಸೆ ಯಾವಾಗ ನೋಡಿದರೂ ಹಳದಿ ಸೀರೆಯಲ್ಲಿರುತ್ತಿದ್ದುದರಿಂದ ನಾವು ಅವಳಿಗೆ ಇಟ್ಟಿದ್ದ ಹೆಸರು ಅದು. ಸೀರಿಯಲ್‌ನವರು ಹೀಗೆ ವರ್ಷಗಟ್ಟಲೆ ಹಾರುವುದು ಮಾಮೂಲಿ. ನಾನು ನಂಬಿದೆ. ಹಾರಿದ ಮೇಲಂತೂ ಕಥೆಗೆ ಕಳೆ ಬಂದಿತ್ತು.

"ಇವತ್ತು ಅತ್ತೆ ಫ್ರಿಜ್ಜಿಗೆ ಬೀಗ ಹಾಕ್ಬಿಟ್ಳು ಭಾಬಿ."

"ಬೀಗನಾ? ಯಾಕಂತೆ?"

"ಮಾವನ ಕಾಫಿಗೆ ಇಟ್ಟಿದ್ದ ಹಾಲನ್ನ ಇವ್ಳು ಮಗುಗೆ ಕೊಟ್ಬಿಟ್ಳಂತೆ. ಬೀಗದ ಕೈನ ದಾರಕ್ಕೆ ಕಟ್ಟಿ ಕತ್ತಿಗೆ ಹಾಕ್ಕೊಂಡವ್ಳೆ. ಒಂದ್ ಲೋಟ ಹಾಲು ಬೇಕಂದ್ರೂ ಹೋಗಿ ಕೇಳ್ಬೇಕು."

"ಅತಿ ಆಯ್ತು ಕಣೇ. ಯಾರ ಮನೇಲಿ ಹಿಂಗೆ ಮಾಡ್ತಾರೆ?"

"ಸೀರಿಯಲ್ ಅಲ್ವಾ ಭಾಬಿ," ಎಂದು ನಕ್ಕಳು.

ಇನ್ನೊಂದು ದಿನ ಹಳದಿ ಸೀರೆಯ ಗಂಡ ಮಾತು ಬಿಟ್ಟಿದ್ದ. ಮಗುವಿನ ಸ್ಕೂಲಿನ ಮೀಟಿಂಗಿಗೆ ಹೇಳದೆ ಹೋದಳು ಅನ್ನುವುದು ಕಾರಣ. ಇಪ್ಪತ್ತೆರಡು ದಿನ ಒಂದು ಮಾತಿಲ್ಲವಂತೆ, ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಳ್ಳುವುದೂ ಇಲ್ಲವಂತೆ, ನೆಲದ ಮೇಲೆ ಇಟ್ಟು ಹೋಗಬೇಕಂತೆ. ಅದನ್ನು ಕೇಳಿ ನನ್ನ ಕಣ್ಣು ತುಂಬಿತ್ತು. ಸೆರಗಿನಲ್ಲಿ ಒರೆಸಿಕೊಂಡು ಚಪಾತಿ ಮಗುಚಿದ್ದು ನೆನಪಿದೆ. ಇಪ್ಪತ್ತೆರಡು ಎಂದು ಅಷ್ಟು ಕರಾರುವಾಕ್ಕಾಗಿ ಯಾವ ಸೀರಿಯಲ್ ಹೇಳುತ್ತದೆ ಎಂದು ಆಗ ಹೊಳೆಯಲಿಲ್ಲ.

ಮತ್ತೊಂದು ದಿನ ಹಳದಿ ಸೀರೆಯವಳು ಮಗುವನ್ನು ಕರೆದುಕೊಂಡು ಹೋಗಿ ಕೆರೆ ಏರಿಯ ಮೇಲೆ ಕತ್ತಲಾಗುವವರೆಗೂ ಕೂತಿದ್ದಳಂತೆ.

"ಕೆರೆ ಎಲ್ಲಿಂದ ಬಂತೇ? ಅವರದು ಬೆಂಗಳೂರಲ್ಲಿ ಬಂಗಲೆ ಅಲ್ವಾ?" ಎಂದೆ.

"ಶೂಟಿಂಗ್‌ಗೆ ಎಲ್ಲಿಗೋ ಹೋಗಿರ್ತಾರೆ," ಅಂದಳು. "ಮಗು ಹಸಿವು ಅಂತು. ಅದಕ್ಕೇ ವಾಪಸ್ ಬಂದ್ಲು."

ಕುಣಿಗಲ್ ಕೆರೆ ಏರಿಯ ಮೇಲೆ ನಾನೇ ಎಷ್ಟೋ ಸಲ ಓಡಾಡಿದ್ದೇನೆ. ಹಬ್ಬಕ್ಕೆ ಹೋದಾಗ ನಾದಿನಿಯ ಗಂಡನ ಮನೆಯವರು ನಮ್ಮನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ನಾದಿನಿಯ ಅತ್ತೆ ತಟ್ಟೆಗೆ ಬಡಿಸುತ್ತಲೇ ಇರುತ್ತಿದ್ದರು. ಅವರ ಕೊರಳಿನಲ್ಲಿ ಒಂದು ಬೀಗದ ಕೈ ಇದ್ದದ್ದನ್ನು ನಾನು ಕಂಡಿದ್ದೆ. ಬೀರುವಿನದು ಅಂದುಕೊಂಡಿದ್ದೆ.

ಈಗ ಆ ಸೋಮವಾರದ ವಿಷಯಕ್ಕೆ ಬರಬೇಕು. ಬರೆಯಲು ಕೈ ಓಡುತ್ತಿಲ್ಲ. ಟೆಸ್ಟ್ ಪೇಪರಿನ ಕಂತೆ ಮೇಜಿನ ಮೇಲಿತ್ತು, ಸೊಂಟ ನೋಯುತ್ತಿತ್ತು, ಮಕ್ಕಳಿಬ್ಬರೂ ಓದುವ ಜಾಗಕ್ಕೆ ಜಗಳವಾಡಿ ಮುಖ ಊದಿಸಿಕೊಂಡಿದ್ದರು. ಫೋನಿನಲ್ಲಿ ಅವಳು ಎಂದಿನಂತೆ ಕಥೆ ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದಳು.

"ಅವ್ಳು ಮಗು ಕರ್ಕೊಂಡು ಅಣ್ಣನ ಮನೆಗೆ ಹೋಗ್ತಾಳೆ ಅನ್ಸುತ್ತೆ ಭಾಬಿ. ಅತ್ತಿಗೆ ಬಾಗಿಲು ತೆಗೀತಾಳಾ?"

"ತೆಗೀದೆ ಏನ್ ಮಾಡ್ತಾಳೆ? ಒಂದ್ ವಾರ ಇಟ್ಕೋತಾಳೆ. ಆಮೇಲೆ? ಇರೋದು ಎರಡು ರೂಮು, ಬೆಳೆದ ಮಕ್ಕಳ ಓದು ಬೇರೆ. ಜನ್ಮಪೂರ್ತಿ ಯಾರ್ ಇಟ್ಕೋತಾರೆ ಹೇಳು. ಎಲ್ಲರ ಮನೆ ದೋಸೆನೂ ತೂತೇ. ಅಡ್ಜಸ್ಟ್ ಮಾಡ್ಕೊಂಡು ಅಲ್ಲೇ ಇರೋದು ವಾಸಿ."

"ಹೌದಲ್ವಾ," ಅಂದಳು. "ಸರಿ ಭಾಬಿ, ಹಾಲಿಟ್ಟಿದೀನಿ, ಉಕ್ಕುತ್ತೆ."

ಮಂಗಳವಾರದಿಂದ ಫೋನ್ ಬರಲಿಲ್ಲ. ಕರೆನ್ಸಿ ಮುಗಿದಿರಬೇಕು, ಮಗುವಿಗೆ ಹುಷಾರಿಲ್ಲದಿರಬೇಕು ಎಂದುಕೊಂಡೆ. ನಾನಾಗಿ ಮಾಡಲಿಲ್ಲ. ಶನಿವಾರ ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ ನನ್ನ ಭಾಷಣವಿತ್ತು, ಅದರ ತಯಾರಿಯಲ್ಲಿದ್ದೆ. ವಿಷಯ 'ಧಾರಾವಾಹಿಗಳು ಮತ್ತು ಸಮಾಜ'. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಹಾಗೆ. ಹೆಣ್ಣುಮಕ್ಕಳು ತುಂಬಿದ ಹಾಲು, ಕೈಯಲ್ಲಿ ಮೈಕು. ನಾನು ಚೆನ್ನಾಗಿಯೇ ಮಾತಾಡಿದೆ. ಸಹಿಸಿಕೊಂಡವಳನ್ನೇ ನಾಯಕಿ ಮಾಡುವ ಈ ಸೀರಿಯಲ್‌ಗಳು ನಮ್ಮ ಹುಡುಗಿಯರಿಗೆ ಏನು ಕಲಿಸುತ್ತಿವೆ ಎಂದು ಕೇಳಿದೆ. ಆಮೇಲೆ ನಗಿಸಬೇಕೆನಿಸಿತು. ಹಳದಿ ಸೀರೆಯ ಸೀರಿಯಲ್ಲಿನ ಹೆಸರು ಹೇಳಿ, ಫ್ರಿಜ್ಜಿನ ಬೀಗದ ಕಥೆ ತೆಗೆದೆ. ಕೊರಳಿನಲ್ಲಿ ಬೀಗದ ಕೈ ನೇತುಹಾಕಿಕೊಂಡು ನಡೆಯುವ ಅತ್ತೆಯ ಹಾಗೆ ನಾಲ್ಕು ಹೆಜ್ಜೆ ನಡೆದೂ ತೋರಿಸಿದೆ. "ಯಾವ ಊರಿನ ಯಾವ ಮನೆಯಲ್ಲಿ ಫ್ರಿಜ್ಜಿಗೆ ಬೀಗ ಹಾಕ್ತಾರೆ ಹೇಳಿ? ಕಣ್ಣೀರು ಸಾಲದೆ ಬಂದರೆ ಒಂದು ಕೆರೆಯನ್ನೂ ತಂದಿಡ್ತಾರೆ!" ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೆಟ್ಟಿಲಿಳಿಯುವಾಗ ಒಬ್ಬಳು ವಿದ್ಯಾರ್ಥಿನಿ ಹಿಂದೆ ಬಂದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಆ ಸೀರಿಯಲ್ ನಾನು ಒಂದಿನಾನೂ ಬಿಡ್ದೆ ನೋಡ್ತೀನಿ. ಅದ್ರಲ್ಲಿ ಫ್ರಿಜ್ಜಿಗೆ ಬೀಗ ಹಾಕೋ ಸೀನೇ ಇಲ್ಲ. ಆ ಸೊಸೆಗೆ ಇನ್ನೂ ಮಗುನೇ ಆಗಿಲ್ಲ ಮೇಡಂ."

"ಐದು ವರ್ಷ ಆದ್ಮೇಲೆ ಅಂತ ತೋರಿಸಿದ್ರಲ್ಲಮ್ಮ?"

"ಇಲ್ಲ ಮೇಡಂ. ಅವ್ಳಿಗೆ ಈಗ ಹಳೇದೆಲ್ಲ ಮರೆತುಹೋಗಿದೆ. ಅವ್ಳ ಥರಾನೇ ಇರೋ ಇನ್ನೊಬ್ಳು ಮನೆಗೆ ಬಂದು ಸೇರ್ಕೊಂಡವ್ಳೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ಎಷ್ಟೋ ವರ್ಷದಿಂದ ಮಕ್ಕಳಿಗೆ ವಿಸ್ತರಿಸಿ ಬರೆಸುತ್ತಿದ್ದೇನೆ. ನನ್ನ ಹೆಗಲ ಮೇಲೆ ಶಾಲಿತ್ತು, ಅದನ್ನು ತೆಗೆದು ಚೀಲಕ್ಕೆ ತುರುಕಿದೆ. ಆ ಹುಡುಗಿ ತನ್ನಿಂದ ತಪ್ಪಾಯಿತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಮಧ್ಯಾಹ್ನವೆಲ್ಲ ಮೊಬೈಲಿನಲ್ಲಿ ಹಳೆಯ ಎಪಿಸೋಡುಗಳನ್ನು ಓಡಿಸಿ ಓಡಿಸಿ ನೋಡಿದೆ. ಹುಡುಗಿ ಹೇಳಿದ್ದು ನಿಜ. ಬೀಗವಿಲ್ಲ, ಕೆರೆಯಿಲ್ಲ, ನೆಲದ ಮೇಲಿಟ್ಟ ತಟ್ಟೆಯಿಲ್ಲ. ಎಲ್ಲರೂ ರೇಷ್ಮೆ ಸೀರೆ ಉಟ್ಟು ಬಂಗಲೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕಥೆ ಐದು ವರ್ಷ ಹಾರಿದ ದಿನದಿಂದ ನಾನು ಕೇಳುತ್ತಿದ್ದದ್ದು ಸೀರಿಯಲ್ ಆಗಿರಲಿಲ್ಲ.

ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದಳು.

"ನಾನು ಗುಬ್ಬೀಲಿದೀನಿ ಭಾಬಿ," ಅಂದಳು, ಉರ್ದುವಿನಲ್ಲಿ. ಬುಧವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಆ ಮನೆ ಬಿಟ್ಟಿದ್ದಳು. ಗುಬ್ಬಿಯಲ್ಲಿ ಅವಳ ಜೊತೆ ಓದಿದ ಗೆಳತಿಯೊಬ್ಬಳು ಸ್ಕೂಲ್ ಯೂನಿಫಾರಂ ಹೊಲಿಸುತ್ತಾಳೆ, ಹತ್ತಿರದಲ್ಲೇ ಒಂದು ರೂಮು ಕೊಡಿಸಿದ್ದಾಳೆ. ಆ ಕುಣಿಗಲ್ಲಿನವರಾದರೋ ಮರ್ಯಾದೆಗೆ ಅಂಜಿ ನಮಗೊಂದು ಮಾತೂ ತಿಳಿಸಿರಲಿಲ್ಲ.

"ತುಮಕೂರಿನ ಮೇಲೆ ತಾನೆ ಹೋಗಿದ್ದು?"

"ಹೂಂ. ಬಸ್‌ಸ್ಟ್ಯಾಂಡಲ್ಲಿ ಎರಡು ಗಂಟೆ ಕೂತಿದ್ವಿ. ಮಗುಗೆ ಬನ್ನು ಕೊಡಿಸ್ದೆ."

ಆ ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಆಟೋದಲ್ಲಿ ಬಂದರೆ ಹತ್ತು ನಿಮಿಷವೂ ಹಿಡಿಯುವುದಿಲ್ಲ.

"ಮನೆಗೆ ಬರಬಾರದಿತ್ತಾ?"

"ಬರೋಣ ಅಂತಾನೇ ಕೂತಿದ್ದು ಭಾಬಿ. ಎಷ್ಟು ದಿನಕ್ಕೆ ಅಂತ ನೀವು ಕೇಳಿದ್ರೆ ಏನ್ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ನನಗೆ ಗೊತ್ತಿರಲಿಲ್ಲ, ಸೀರಿಯಲ್ ಅಂದುಕೊಂಡಿದ್ದೆ ಎಂದು ಆ ರಾತ್ರಿಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಸೀರಿಯಲ್ಲಿನಲ್ಲಿ ಎಲ್ಲರದೂ ಬಂಗಲೆ. ಎರಡು ರೂಮಿನ ಮನೆ ಅಲ್ಲಿ ಎಲ್ಲಿತ್ತು? ಅದು ನಮ್ಮದು. ಅವಳು ತನ್ನ ಕಥೆಗೆ ಹಳದಿ ಸೀರೆ ಉಡಿಸಿ ಕೇಳಿದಳು, ನಾನು ನನ್ನ ಕಥೆಯನ್ನೇ ಉತ್ತರವಾಗಿ ಕೊಟ್ಟೆ. ನನ್ನೊಳಗೆ ಎಲ್ಲೋ ಒಂದು ಕಡೆ ತಿಳಿದಿತ್ತೇ? ಇರಬಹುದು. ಇಲ್ಲ ಎಂದು ಆಣೆ ಮಾಡಲಾರೆ. ಸೀರಿಯಲ್‌ಗಳಲ್ಲಿ ಅತ್ತಿಗೆಯೆಂದರೆ ಪಾಯಸಕ್ಕೆ ವಿಷ ಹಾಕುವವಳು, ಇಲ್ಲವೇ ದೇವತೆ. ಚಪಾತಿ ಲಟ್ಟಿಸುತ್ತಾ ಬಾಗಿಲು ಹಾಕಿಬಿಡುವವಳನ್ನು ಯಾರೂ ತೋರಿಸಿಲ್ಲ. ತೋರಿಸಿದರೂ ಅವಳಲ್ಲಿ ನಾನು ನನ್ನನ್ನು ಗುರುತಿಸುತ್ತಿರಲಿಲ್ಲವೇನೋ, ಅವಳ ಮೇಲೂ ಒಂದು ಭಾಷಣ ಮಾಡಿರುತ್ತಿದ್ದೆ.

ಗಂಡನಿಗೆ ವಿಷಯ ಹೇಳಿದೆ. "ಒಂದು ಮಾತು ನಮ್ಗೆ ಹೇಳಬಾರದಿತ್ತಾ ಅವ್ಳು?" ಎಂದರು. ಹೇಳಿದ್ದಳು, ತಿಂಗಳುಗಟ್ಟಲೆ ದಿನವೂ ಹೇಳಿದ್ದಳು. ನಾನು ಏನು ಉತ್ತರ ಕೊಟ್ಟೆ ಅನ್ನುವುದನ್ನು ಇವತ್ತಿಗೂ ಅವರಿಗೆ ತಿಳಿಸಿಲ್ಲ. ಅವರು ಇದನ್ನು ಓದಿದರೆ ತಿಳಿಯುತ್ತದೆ.

ಭಾನುವಾರ ಅವರು ಕುಣಿಗಲ್‌ಗೆ ಮಾತಾಡಲು ಹೋದರು, ನಾನು ಗುಬ್ಬಿಗೆ ಹೋದೆ. ಕರೆದುಕೊಂಡೇ ಬರುವುದೆಂದು ಮಕ್ಕಳ ರೂಮಿನಲ್ಲಿ ಜಾಗ ಮಾಡಿಟ್ಟು ಹೋಗಿದ್ದೆ. ಅವಳದು ಒಂದೇ ರೂಮು. ಮೂಲೆಯಲ್ಲಿ ಗ್ಯಾಸ್ ಒಲೆ, ಕಿಟಕಿಯ ಕೆಳಗೆ ಹೊಲಿಗೆ ಮಷೀನು, ಅರ್ಧ ಹೊಲಿದ ನೀಲಿ ಲಂಗಗಳ ರಾಶಿ. ಮಗು ಆ ರಾಶಿಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಟಿ.ವಿ. ಇರಲಿಲ್ಲ.

"ಟಿ.ವಿ.ನ ಅವ್ಳ ಅತ್ತೆ..." ಎಂದು ಶುರುಮಾಡಿದವಳು ತಡೆದು, "ನಮ್ಮತ್ತೆ ತಮ್ಮ ರೂಮಿಗೆ ಎತ್ತಿಟ್ಕೊಂಡ್ಬಿಟ್ರು," ಎಂದು ತಿದ್ದಿಕೊಂಡಳು. "ನೀವು ದಿನಾ ಆಮೇಲೇನಾಯ್ತು ಅಂತ ಕೇಳ್ತಿದ್ರಿ. ಏನಾದ್ರೂ ಹೇಳ್ಬೇಕಿತ್ತಲ್ಲ."

ತಪ್ಪಾಯಿತು ಎಂದೆ. ನನಗೆ ಅಳು ಬಂತು. ಅವಳು ನನ್ನ ಕೈಗೆ ನೀರಿನ ಲೋಟ ಕೊಟ್ಟಳು. ನಡಿ ಮನೆಗೆ, ಇವತ್ತೇ ನಡಿ ಎಂದೆ. ಬೇಡ ಭಾಬಿ, ಕೆಲಸ ಒಪ್ಕೊಂಡಿದೀನಿ, ಮಗುನ ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ ಅಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಅನ್ನ, ಬೇಳೆ ಸಾರು ಮಾಡಿದಳು. ನನಗೆ ಮೊದಲು ಬಡಿಸಿದಳು.

ಸಂಜೆ ನಾನು ಚೀಲ ಹಿಡಿದುಕೊಂಡು ಬಸ್ಸಿಗೆ ಹೊರಡಲು ಎದ್ದೆ. ಅವಳು ಮಷೀನಿನ ಮುಂದಿನಿಂದ ಎದ್ದು ಬಂದು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕುಹಕವಿಲ್ಲ, ಚುಚ್ಚಬೇಕೆಂಬ ಉದ್ದೇಶವಿಲ್ಲ, ಬಂದ ನೆಂಟರಿಗೆ ಎಲ್ಲರೂ ಹೇಳುವ ಮಾತನ್ನು ನಮ್ಮ ಮನೆಮಾತಿನಲ್ಲೇ ಹೇಳಿದಳು.

"ಇಷ್ಟು ಬೇಗ ಯಾಕೆ ಹೊರಟ್ರಿ ಭಾಬಿ? ಇರಿ. ಎಷ್ಟು ದಿನ ಬೇಕಾದ್ರೂ ಇರಿ."