ಅಕ್ಕೋರ ಆಕ್ಷನ್ ಪ್ಲಾನ್

ಅಕ್ಕೋರ ಎರಡೂ ಕಣಕಾಲಿನ ಸುತ್ತ ಉಂಬಳ, ಅಂದರೆ ಜಿಗಣೆ, ಕಚ್ಚಿದ ಕಪ್ಪು ಕಲೆಗಳಿದ್ದವು, ಹಳೆಯವು, ಹೊಸವು, ಒಂದರ ಮೇಲೊಂದು. ಬೋರ್ಡಿನ ಮೇಲೆ ಬರೆಯುತ್ತಲೇ ಎಡಗಾಲಿನ ಹಿಮ್ಮಡಿಯಿಂದ ಬಲಗಾಲು ತುರಿಸಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಮನೆ ಮನೆಗೆ ನಡೆದು ಮಕ್ಕಳನ್ನು ಕರೆತರುವವರ ಕಾಲು ಹಾಗಿರದೆ ಇನ್ನು ಹೇಗಿರುತ್ತದೆ?

ಹೊಸನಗರ ತಾಲ್ಲೂಕಿನ ಹಿನ್ನೀರಿನ ಅಂಚಿನ ಸರ್ಕಾರಿ ಶಾಲೆಯೊಂದಕ್ಕೆ ಅವರು ಮುಖ್ಯೋಪಾಧ್ಯಾಯಿನಿ, ನಾನು ಅತಿಥಿ ಶಿಕ್ಷಕಿ. ಮಕ್ಕಳಿಗೆ ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ನನಗೂ ಅವರು ಅಕ್ಕೋರೇ. ಮಕ್ಕಳು ಒಟ್ಟು ಏಳು. ಅವರಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಹುಟ್ಟಿನಿಂದಲೂ ಒಂದು ಕಾಲು ಸ್ವಾಧೀನದಲ್ಲಿರಲಿಲ್ಲ. ಮನೆ ಶಾಲೆಯ ಬೆನ್ನಿಗೇ ಇದ್ದುದರಿಂದ ಹೇಗೋ ಬೇಲಿ ಹಿಡಿದುಕೊಂಡು ಬಂದು ಕೂರುತ್ತಿದ್ದಳು.

ಒಂದು ವರ್ಷ ಸಾಗರದ ತರಬೇತಿಯಿಂದ ಅಕ್ಕೋರು ಒಂದು ಫಾರಂ ತಂದರು. ಶಾಲೆಯ ಮುಂದಿನ ವರ್ಷದ ಯೋಜನೆ ಬರೆದು ಕಳಿಸಬೇಕು. ಅಡ್ಡಕ್ಕೆ ಐದು ಕಾಲಂ: ವಿಷನ್, ಮಿಷನ್, ಗೋಲ್, ಸ್ಟ್ರಾಟಜಿ, ಆಕ್ಷನ್ ಪ್ಲಾನ್.

"ಇದೆಲ್ಲ ಎಂತ ಮಾರಾಯ್ತಿ? ಎಲ್ಲಾ ಒಂದೇ ಅಲ್ದಾ?"

"ಬೇರೆ ಬೇರೆ ಅಕ್ಕೋರೇ," ಎಂದೆ. ಆಗಷ್ಟೇ ಓದು ಮುಗಿಸಿ ಬಂದ ಜಂಬ ನನಗೆ. "ಗೋಲ್ ಅಂದ್ರೆ ಎಲ್ಲಿಗೆ ಮುಟ್ಬೇಕು ಅಂತ. ಸ್ಟ್ರಾಟಜಿ ಅಂದ್ರೆ ಹೆಂಗೆ ಮುಟ್ಟೋದು ಅಂತ."

"ನಡ್ಕೊಂಡು," ಎಂದರು ಅಕ್ಕೋರು.

ಇಂಥ ಪದಗಳು ನಮ್ಮ ಕಡೆಗೆ ಹೊಸವೇನಲ್ಲ, ನಾವು ಬಳಸುವ ರೀತಿ ಬೇರೆ ಅಷ್ಟೆ. ಅವನದ್ದೇನೋ ಪ್ಲಾನ್ ಇದೆ ಎಂದರೆ ಅವನನ್ನು ನಂಬಬೇಡಿ ಎಂದು. ಸ್ಕೀಮ್ ಎಂದರೆ ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದು ಸಾಲಿನಲ್ಲಿ ನಿಲ್ಲುವುದು. ಪ್ರಾಜೆಕ್ಟ್ ಎಂದರೆ ಲಿಂಗನಮಕ್ಕಿ ಅಣೆಕಟ್ಟು, ಅಂದರೆ ಮುಳುಗುವ ಊರಿನಿಂದ ಗಂಟುಮೂಟೆ ಕಟ್ಟುವುದು. ಅಕ್ಕೋರಿಗೆ ಮಾತ್ರ ಹೊಸ ಪದಗಳು ಬಾಯಿಗೆ ರುಚಿಯಾದವು. ಬೆಳಿಗ್ಗೆ ಬಂದವರೇ ಬಿಸಿಯೂಟದ ಅಡುಗೆಯವಳನ್ನು "ಇವತ್ತಿನ ಆಕ್ಷನ್ ಪ್ಲಾನ್ ಎಂತದೇ?" ಎಂದು ಕೇಳುವರು. "ನುಗ್ಗೆಸೊಪ್ಪು!" ಎಂದು ಒಳಗಿನಿಂದ ಉತ್ತರ. ನಕ್ಕು ನಕ್ಕು ನಮಗೆ ಸಾಕಾಗುತ್ತಿತ್ತು.

ಆ ನಗು ನಿಂತದ್ದು ಫಾರಂ ತುಂಬಲು ಕುಳಿತ ದಿನ. ಬರವಣಿಗೆ ನನ್ನದು. ಮನೆಗೆ ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಬರೋದು ಎಂದು ಅವರು ಹೇಳಿದ್ದನ್ನು ಸ್ಟ್ರಾಟಜಿಯ ಕೆಳಗೆ 'ಕಮ್ಯುನಿಟಿ ಮೊಬಿಲೈಸೇಶನ್' ಎಂದು ಬರೆದೆ. ಗೋಲ್ ಕಾಲಂನಲ್ಲಿ ಮುಂದಿನ ವರ್ಷ ಒಂದನೇ ಕ್ಲಾಸಿಗೆ ಸೇರುವ ಮಕ್ಕಳೆಷ್ಟು ಎಂದು ತೋರಿಸಬೇಕಿತ್ತು.

"ಎರಡು," ಎಂದರು.

"ಹತ್ತು ಅಂತ ಬರೀತೀನಿ ಅಕ್ಕೋರೇ. ಎಲ್ಲಾ ಶಾಲೆಯವ್ರೂ ಹಂಗೇ ಬರೆಯೋದು. ಬರೀ ಗೋಲ್ ತಾನೇ, ಯಾರೂ ಬಂದು ಎಣಿಸಲ್ಲ."

"ಎಲ್ಲಾ ಮನೆಗೂ ಹೋಗಿ ಬಂದೀನಿ. ಆರು ತುಂಬೋದು ಎರಡೇ ಮಕ್ಕಳಿಗೆ. ಇನ್ನೆಂಟು ಮಕ್ಕಳನ್ನ ಈ ವಯಸ್ಸಲ್ಲಿ ನಾನು ಹೆರ್ಲಾ? ಎರಡು ಅಂತ ಬರಿ."

ಬರೆದೆ. ಸಹಿ ಹಾಕಿ, ಸೀಲು ಒತ್ತಿ, ಶಾಯಿ ಆರಲೆಂದು ಊದಿದರು.

ಬೇಸಿಗೆ ರಜೆಯಲ್ಲಿ ಆದೇಶ ಬಂತು. ನಮ್ಮ ಶಾಲೆ ನಾಲ್ಕು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ವಿಲೀನ. ಆ ಶಾಲೆಯವರು ತಮ್ಮ ಫಾರಂನಲ್ಲಿ ಹದಿನೈದು ಎಂದು ಬರೆದಿದ್ದರು. ಅಲ್ಲಿ ಸೇರುವವರೂ ಮೂರೋ ನಾಲ್ಕೋ ಎಂಬುದು ಊರಿಗೆಲ್ಲ ಗೊತ್ತಿತ್ತು.

ನಾವಿಬ್ಬರೂ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅಕ್ಕೋರು ನಡೆಯಲಾಗದ ಹುಡುಗಿಯ ವಿಷಯ ಹೇಳಿದರು. ಅಧಿಕಾರಿ ನಮ್ಮದೇ ಫಾರಂ ತೆಗೆದು ಮುಂದಿಟ್ಟರು.

"ನಿಮ್ಮ ಪ್ಲಾನ್ ನೋಡಿ ತುಂಬಾ ಖುಷಿಯಾಯ್ತು ಮೇಡಂ. ಎಲ್ರೂ ಬಾಯಿಗೆ ಬಂದಿದ್ದು ಬರೀತಾರೆ. ನಿಮ್ದೊಂದೇ ರಿಯಲಿಸ್ಟಿಕ್ ಆಗಿದ್ದಿದ್ದು. ಅದನ್ನ ನೋಡಿಯೇ ತೀರ್ಮಾನ ಮಾಡಿದ್ದು."

ನನಗೆ ಮೈಯೆಲ್ಲ ಉರಿಯಿತು, ಉರಿದುಕೊಂಡು ಮಾಡುವುದೇನು? ಮೇಜಿನ ಮೇಲಿದ್ದದ್ದು ನನ್ನದೇ ಕೈಬರಹ. ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು "ಆ ಹುಡ್ಗಿ ಅಷ್ಟು ದೂರ ಹೆಂಗೆ ಹೋಗುತ್ತೆ?" ಎಂದು ಕೇಳಿದರು, ನನ್ನನ್ನಲ್ಲ, ಯಾರನ್ನೋ.

ಅಕ್ಕೋರಿಗೆ ತೀರ್ಥಹಳ್ಳಿ ಕಡೆಗೆ ವರ್ಗವಾಯಿತು. ಹುಡುಗಿಯನ್ನು ಅವಳಪ್ಪ ಒಂದು ತಿಂಗಳು ಬೈಕಿನಲ್ಲಿ ಬಿಟ್ಟು ಬಂದ. ಗದ್ದೆ ಕೆಲಸ ಶುರುವಾದ ಮೇಲೆ ಅದೂ ನಿಂತಿತು. ಅಕ್ಕೋರು ಭಾನುವಾರ ಭಾನುವಾರ ಎರಡು ಬಸ್ ಬದಲಿಸಿ ಬಂದು, ಅವಳ ಮನೆಯ ಜಗಲಿಯಲ್ಲಿ ಕೂತು ಓದಿಸುತ್ತಿದ್ದರು. ಆರೋಗ್ಯ ಕೈಕೊಟ್ಟ ಮೇಲೆ ಬರುವುದಾಗಲಿಲ್ಲ. ಆಮೇಲೆ ಹುಡುಗಿ ಪುಸ್ತಕ ಮುಟ್ಟಲಿಲ್ಲ.

ನಾನೀಗ ಬೇರೆ ಶಾಲೆಯಲ್ಲಿದ್ದೇನೆ. ಪ್ರತಿ ವರ್ಷ ಅದೇ ಫಾರಂ ಬರುತ್ತದೆ. ಹತ್ತು ಎಂದು ತುಂಬುತ್ತೇನೆ. ಶಾಲೆ ಉಳಿದಿದೆ.

ಹೋದ ವರ್ಷ ತೀರ್ಥಹಳ್ಳಿಯ ಆಸ್ಪತ್ರೆಗೆ ಅಕ್ಕೋರನ್ನು ನೋಡಲು ಹೋಗಿದ್ದೆ. ಮೂಳೆ ಚಕ್ಕಳವಾಗಿದ್ದರು. ಮಾತು ಎಲ್ಲೆಲ್ಲೋ ಸುತ್ತಿತು. ಆಮೇಲೆ ಕೇಳಿದರು: "ಅವತ್ತು ನೀ ಹೇಳ್ದಂಗೆ ಹತ್ತು ಅಂತ ಬರೆಸ್ಬೇಕಿತ್ತಾ ಹೆಂಗೆ?"

ಇಲ್ಲ ಅಕ್ಕೋರೇ, ನೀವು ಬರೆಸಿದ್ದೇ ಸರಿ ಎನ್ನಬೇಕಿತ್ತು. ಅಷ್ಟರಲ್ಲಿ ಆ ಹುಡುಗಿಯ ಮುಖ ಕಣ್ಣೆದುರು ಬಂತು. "ನೀರು ಕುಡೀರಿ," ಎಂದು ಲೋಟ ಹಿಡಿದೆ. ಒಂದೆರಡು ಗುಟುಕು ಕುಡಿದು ಆಚೆ ಹೊರಳಿದರು. ಎಂಟು ದಿನದಲ್ಲಿ ಹೋಗಿಬಿಟ್ಟರು. ಅವರು ಕೇಳಿದ್ದು ಒಂದು ಮಾತು, ನಾನು ಕೊಟ್ಟದ್ದು ನೀರು.