ಪಟ್ಟಿಯಲ್ಲಿಲ್ಲದ ಕಾರಣ

ಮೂರನೆಯ ಮೆಷಿನ್ ನಿಂತಾಗ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಏನೇ ನಡೆದರೂ ಮೊದಲು ಗಡಿಯಾರ ನೋಡಿ ಹೊತ್ತು ಗುರುತು ಹಾಕಿಕೊಳ್ಳುವುದು ನನ್ನ ಹಳೆಯ ಕಸುಬು ಕಲಿಸಿದ ಚಾಳಿ. ಬಿಡದಿಯ ಈ ಕಾರ್ಖಾನೆಗೆ ಬರುವ ಮೊದಲು ರಾಮನಗರದಲ್ಲಿ ಒಂದು ದಿನಪತ್ರಿಕೆಗೆ ವರದಿ ಬರೆಯುತ್ತಿದ್ದೆ. ಪತ್ರಿಕೆಯವರು ಊರಿನ ಕಚೇರಿ ಮುಚ್ಚಿದರು, ನಾನು ಬೇರೆ ಕೆಲಸ ಹುಡುಕಿಕೊಂಡೆ. ಇಲ್ಲಿ ನನ್ನದು ಶಿಫ್ಟ್ ವರದಿ. ಯಾವ ಮೆಷಿನ್ ಎಷ್ಟು ಹೊತ್ತು ಓಡಿತು, ಯಾವಾಗ ನಿಂತಿತು, ಯಾಕೆ ನಿಂತಿತು ಎಂದು ದಾಖಲಿಸಬೇಕು. ಮೊದಲೆರಡು ಪ್ರಶ್ನೆ ಸುಲಭ. ಮೂರನೆಯದಕ್ಕೆ ಒಬ್ಬ ಹೆಂಗಸು ಒಂದು ಮಧ್ಯಾಹ್ನ ಏನು ಉತ್ತರ ಕೊಟ್ಟರು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಮಾಡುವುದು ಕಾರಿನ ಬಾಗಿಲಿನೊಳಗೆ ಕೂರುವ ಪ್ಲಾಸ್ಟಿಕ್ ಕ್ಲಿಪ್ಪುಗಳು. ಕಬ್ಬಿಣದ ಅಚ್ಚಿನ ಎರಡು ಹೋಳು ಬಂದು ಮುಚ್ಚಿಕೊಳ್ಳುತ್ತವೆ, ಕರಗಿದ ಪ್ಲಾಸ್ಟಿಕ್ ಒಳಗೆ ನುಗ್ಗುತ್ತದೆ, ಅಚ್ಚು ತೆರೆದಾಗ ಕ್ಲಿಪ್ಪು ಕೆಳಗೆ ಬೀಳುತ್ತದೆ. ಮೆಷಿನ್ ನಡೆಸುವವರಲ್ಲಿ ಹೆಚ್ಚಿನವರು ಕನಕಪುರ, ಮಾಗಡಿ ಕಡೆಯ ಹೆಂಗಸರು. ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಮೂರನೆಯ ಮೆಷಿನ್ನಿನವರು ಸಾತನೂರಿನ ಹತ್ತಿರದ ಹಳ್ಳಿಯವರು. ನಲವತ್ತು ದಾಟಿದ್ದರು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ಮ್ಯಾನೇಜರನ್ನು ಬಿಟ್ಟು.

ಮೊದಲು ಶಿಫ್ಟಿಗೊಂದು ದೊಡ್ಡ ಪುಸ್ತಕವಿತ್ತು. ಹೋಗುವವರು ಬರುವವರಿಗೆ ಅದರಲ್ಲಿ ಬರೆದಿಡುತ್ತಿದ್ದರು. ‘ಮೂರ್ನೇದು ಬೆಳಗಿಂದ ಮುನಿಸ್ಕೊಂಡೈತೆ, ಒಸಿ ನೋಡ್ಕಳಿ’ ಎಂದು ಒಬ್ಬರು ಬರೆದರೆ, ಕೆಳಗೆ ಇನ್ನೊಬ್ಬರು ‘ಸಮಾಧಾನ ಮಾಡಿವ್ನಿ’ ಎಂದು ಬರೆದಿರುತ್ತಿದ್ದರು. ಎರಡು ವರ್ಷದ ಕೆಳಗೆ ಪುಸ್ತಕ ಹೋಗಿ ಪ್ರತಿ ಮೆಷಿನ್ನಿಗೂ ಒಂದು ಸ್ಕ್ರೀನ್ ಬಂತು. ಎಲ್ಲವೂ ಕೆಟ್ಟಿತು ಎಂದು ನಾನು ಬರೆಯುವುದಿಲ್ಲ. ಓಟಿ ಲೆಕ್ಕದ ಜಗಳ ನಿಂತಿತು. ರಜೆ ಕೇಳಲು ಯಾರ ಮೇಜಿನ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ, ಫೋನಿನಲ್ಲೇ ಹಾಕಬಹುದಿತ್ತು. ಇವೆರಡೂ ಹೆಂಗಸರಿಗೆ ಆದ ಒಳ್ಳೆಯದೇ.

ಆದರೆ ಮೆಷಿನ್ ನಿಂತರೆ ಸ್ಕ್ರೀನ್ ಕೆಂಪಾಗಿ ಏಳು ಕಾರಣಗಳ ಪಟ್ಟಿ ತೋರಿಸುತ್ತಿತ್ತು. ಒಂದನ್ನು ಒತ್ತದೆ ಮೆಷಿನ್ ಮತ್ತೆ ಕೆಲಸಕ್ಕೆ ಏಳುತ್ತಿರಲಿಲ್ಲ. ಕರೆಂಟ್ ಹೋಯಿತು ಎಂದು ಒತ್ತಿದರೆ ಕರೆಂಟು ನಿಜವಾಗಿ ಹೋಗಿತ್ತೇ ಎಂದು ಸಿಸ್ಟಮ್ ತಾನೇ ನೋಡುತ್ತಿತ್ತು. ಅಚ್ಚಿನ ದೋಷ ಎಂದು ಒತ್ತಬೇಕಾದರೆ ಮೆಷಿನ್ ಮೊದಲೇ ಅಲಾರಂ ಕೊಟ್ಟಿರಬೇಕಿತ್ತು. ಹೀಗೆ ಆರು ಕಾರಣಗಳಿಗೂ ಎಲ್ಲಿಂದಲೋ ಒಪ್ಪಿಗೆ ಬೇಕು. ಏಳನೆಯದಕ್ಕೆ ಮಾತ್ರ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆ ಏಳನೆಯದು ‘ಆಪರೇಟರ್ ತಪ್ಪು’.

ಅಕ್ಕ ಅಂದು ಮೆಷಿನ್ನನ್ನು ತಾವೇ ನಿಲ್ಲಿಸಿದ್ದರು. ಅಲಾರಂ ಬಂದಿರಲಿಲ್ಲ. ಬೆಂಗಳೂರಿನಿಂದ ಓಡಾಡುವ ಶಿಫ್ಟ್ ಮ್ಯಾನೇಜರ್ ಬಂದು ಕೇಳಿದರು.

“ಯಾಕಮ್ಮ ನಿಲ್ಲಿಸಿದ್ರಿ?”

“ಸದ್ದು ಬದಲಾಯ್ತು ಸಾರ್. ಅಚ್ಚು ಮುಚ್ಕೊಳೋವಾಗ ಒಸಿ ಉಜ್ದಂಗೆ ಕೇಳ್ತು.”

“ಅಲಾರಂ ಇಲ್ವಲ್ಲ?”

“ಅದು ಹೊಡ್ಕೊಳೋಗಂಟ ಕಾಯ್ಬೇಕಾ? ಹುಳದ ಮನೆ ಬಾಗ್ಲಲ್ಲಿ ನಿಂತ್ರೆ ಸಾಕು ಸಾರ್, ಹುಳ ಸೊಪ್ಪು ತಿಂತಾ ಅವೋ ಬುಟ್ಟವೋ ಸದ್ದಲ್ಲೇ ಗೊತ್ತಾಯ್ತದೆ. ತಟ್ಟೆ ಎತ್ತಿ ನೋಡೋಗಂಟ ಕಾದ್ರೆ ಅರ್ಧ ಬೆಳೆ ಹೋಗಿರ್ತದೆ.”

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆಹುಳ ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿದರೆ ಮನೆಯೊಳಗೆ ಮಳೆ ಹನಿದ ಹಾಗೆ ಸದ್ದು. ಆ ಸದ್ದು ತೆಳ್ಳಗಾದರೆ ಮನೆಯವರು ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಮದುವೆಯಾಗಿ ಬಂದ ದಿನದಿಂದ ಅಕ್ಕ ಕೇಳಿಕೊಂಡು ಬದುಕಿದ್ದು ಅದನ್ನೇ.

ಅವರಿಗೆ ಅಂದು ಆಗಬಹುದಾಗಿದ್ದ ನಷ್ಟ ಇಷ್ಟು: ಒಂದೇ ತಿಂಗಳಲ್ಲಿ ಮೂರು ಸಲ ಏಳನೆಯ ಕಾರಣ ದಾಖಲಾದರೆ ಕಾಂಟ್ರ್ಯಾಕ್ಟ್ ಮುಂದುವರಿಯುವುದಿಲ್ಲ. ಅವರ ಕಾಂಟ್ರ್ಯಾಕ್ಟ್ ಅದೇ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಆ ತಿಂಗಳಲ್ಲಿ ಆಗಲೇ ಎರಡು ಸಲ ದಾಖಲಾಗಿತ್ತು.

ಎಂಜಿನಿಯರುಗಳು ಪ್ಲಾಸ್ಟಿಕ್ ಬಿಡದೆ ಬರೀ ಅಚ್ಚನ್ನು ಐದು ಸಲ ಮುಚ್ಚಿ ತೆರೆದು ನೋಡಿದರು. ಲ್ಯಾಪ್‌ಟಾಪಿನಲ್ಲಿ ಗೆರೆಗಳೆಲ್ಲ ಹಸಿರು. ಅಚ್ಚು ರಿಪೇರಿಯ ಮೇಸ್ತ್ರಿಯನ್ನು ಕರೆಸಿದರು. ಅವರು ಚನ್ನಪಟ್ಟಣದವರು. ಹುಡುಗರಾಗಿದ್ದಾಗ ಬೊಂಬೆ ಕಡೆದವರು, ಆಮೇಲೆ ಕಬ್ಬಿಣದ ಲೇತಿಗೆ ಬಂದವರು.

“ಸದ್ದು ನನ್ನ ಕೇಳ್ಬ್ಯಾಡಿ ಸಾರ್. ಲೇತ್ ಮುಂದೆ ನಿಂತೂ ನಿಂತೂ ಕಿವಿ ಹೋಗ್ಬುಡ್ತು,” ಎಂದ ಅವರು ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದರು. ತುದಿಯನ್ನು ಅಚ್ಚಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಇನ್ನೊಂದು ಸಲ ಮುಚ್ಚಿಸಿದರು. ಕಣ್ಣು ಮುಚ್ಚಿಕೊಂಡು ನಿಂತಿದ್ದರು.

“ಏನೋ ಐತೆ,” ಎಂದರು. “ಏನು ಅಂತ ಹೇಳಾಕಾಗಕ್ಕಿಲ್ಲ. ಬಿಚ್ಚಿ ನೋಡ್ಬೇಕು.”

ಅಚ್ಚು ಬಿಚ್ಚಲು ಮುಖ್ಯ ಕಚೇರಿಯ ಅನುಮತಿ ಬೇಕು. ಅನುಮತಿ ಕೇಳುವ ಅರ್ಜಿಯಲ್ಲಿ ಕಾರಣ ತುಂಬಬೇಕು. ಅಚ್ಚಿನ ದೋಷ ಎಂದು ತುಂಬಲು ಅಲಾರಂ ಬಂದಿರಬೇಕು. ಅಲಾರಂ ಬಂದಿಲ್ಲ. ಮ್ಯಾನೇಜರ್ ಈ ಸುತ್ತನ್ನು ಎರಡು ಸಲ ಸುತ್ತಿ ಬಂದರು. ಅವರು ಕೆಟ್ಟವರಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೂರನೆಯ ಮೆಷಿನ್ ಕೆಂಪಾಗಿತ್ತು, ಅದೇ ಕೆಂಪು ಮುಖ್ಯ ಕಚೇರಿಯಲ್ಲೂ ಕಾಣುತ್ತಿತ್ತು, ಅವರ ಫೋನು ಬಡಿದುಕೊಳ್ಳುತ್ತಲೇ ಇತ್ತು.

“ಏಳನೇದು ಒತ್ತಿಬಿಡಮ್ಮ. ಆಮೇಲೆ ನಾನು ಮಾತಾಡ್ತೀನಿ.”

“ನಾನು ಒತ್ತಾಕಿಲ್ಲ ಸಾರ್.”

“ಬರೀ ಒಂದು ಎಂಟ್ರಿ ಅದು.”

“ಎಂಟ್ರಿನೇ ಆದ್ರೆ ಇನ್ನೊಬ್ರ ಹೆಸ್ರಲ್ಲಿ ಹಾಕ್ಬುಡಿ.”

ಆಗ ಮ್ಯಾನೇಜರ್ ನನ್ನತ್ತ ತಿರುಗಿದರು. ಆಪರೇಟರ್ ಒತ್ತದಿದ್ದರೆ ಶಿಫ್ಟ್ ವರದಿ ಬರೆಯುವವನು ತನ್ನ ಲಾಗಿನ್ನಿನಲ್ಲಿ ಒತ್ತಬಹುದಿತ್ತು. “ನೀವೇ ಹಾಕ್ಬಿಡಿ. ಹೋದ ಎರಡು ಸಲ ಹಾಕಿದ್ರಲ್ಲ?”

ಅಕ್ಕನಿಗೆ ಅದು ಗೊತ್ತಿರಲಿಲ್ಲ. ನನ್ನನ್ನು ಅವರು ಪೇಪರಣ್ಣ ಎಂದು ಕರೆಯುತ್ತಿದ್ದರು.

“ಹೋದ ಎರಡೂ ಒತ್ತಿದ್ದು ನೀವಾ ಪೇಪರಣ್ಣ?”

“ಹೌದು.”

“ನಾನೇನು ತಪ್ಪು ಮಾಡ್ದೆ ಅಂತ ನೋಡಿದ್ರಾ?”

“ಇಲ್ಲ.”

“ಮತ್ತೆ?”

ಆ ಎರಡೂ ಸಲ ಅವರು ಮೆಷಿನ್ ನಿಲ್ಲಿಸಿ ಮೇಸ್ತ್ರಿಯನ್ನು ಕರೆಯಲು ಹೋಗಿದ್ದರು, ಸ್ಕ್ರೀನ್ ಕೆಂಪಾಗಿತ್ತು, ನಾನು ಆ ದಾರಿಯಲ್ಲಿ ಹೋಗುತ್ತಾ ಏಳನೆಯದನ್ನು ಒತ್ತಿದ್ದೆ. ಹಸಿರಾಯಿತು, ಮುಂದೆ ಹೋದೆ. ಕಾಣದ್ದನ್ನು ಕಂಡೆ ಎಂದು ಬರೆಯಬಾರದು ಎಂಬುದು ನಾನು ಪತ್ರಿಕೆಯಲ್ಲಿ ಕಲಿತ ಮೊದಲ ಪಾಠ. ಮೈಸೂರು ರಸ್ತೆಯಲ್ಲಿ ಬಸ್ಸು ಮಗುಚಿದರೆ ಚಾಲಕನ ಅಜಾಗರೂಕತೆ ಎಂದು ಪೊಲೀಸರು ಹೇಳುವ ಮುಂಚೆ ನಾವು ಬರೆಯುವಂತಿರಲಿಲ್ಲ. ಅವರು ಹೇಳಿದರೂ ‘ಪೊಲೀಸರು ತಿಳಿಸಿದ್ದಾರೆ’ ಎಂದು ಸೇರಿಸಲೇಬೇಕಿತ್ತು. ಅಂಥ ಪಾಠ ಕಲಿತವನು ಒಂದು ಬೆರಳಿನಲ್ಲಿ, ನಡೆಯುತ್ತಾ ನಡೆಯುತ್ತಾ, ಒಬ್ಬರ ಅನ್ನದ ಮೇಲೆ ಸುಳ್ಳು ವರದಿ ಮಾಡಿದ್ದೆ.

“ನಾನೂ ಒತ್ತುವುದಿಲ್ಲ ಸರ್,” ಎಂದೆ.

“ನೀವೂ ಶುರು ಮಾಡಿದ್ರಾ? ಸರಿ, ಏನು ಬರೀಬೇಕು ಹೇಳಿ.”

“ಕಾರಣ ತಿಳಿದಿಲ್ಲ.”

“ಅದು ಕಾರಣ ಅಲ್ವಲ್ರಿ!”

“ಅಲ್ಲ. ಆದರೆ ನಿಜ ಸದ್ಯಕ್ಕೆ ಅಷ್ಟೇ. ಅಕ್ಕನಿಗೆ ಸದ್ದು ಕೇಳಿದೆ, ಮೇಸ್ತ್ರಿಗೆ ಏನೋ ಇದೆ ಅನಿಸಿದೆ, ಏನೆಂದು ಇಬ್ಬರಿಗೂ ಗೊತ್ತಿಲ್ಲ. ಪತ್ರಿಕೆಯಲ್ಲಿ ಹೀಗೇ ಬರೆಯುತ್ತಿದ್ದೆವು, ಮಾರನೆಯ ದಿನ ಅಚ್ಚಾಗುತ್ತಿತ್ತು. ಗೊತ್ತಿಲ್ಲ ಅಂದಿದ್ದಕ್ಕೆ ಯಾವತ್ತೂ ಪೇಪರ್ ನಿಂತಿಲ್ಲ.”

ಎರಡು ಗಂಟೆಗೆ ಶಿಫ್ಟ್ ಬದಲಾಯಿತು. ಅಕ್ಕನ ಜಾಗಕ್ಕೆ ಬಂದ ಮಾಗಡಿ ಕಡೆಯ ಹೆಂಗಸು ಕೆಂಪು ಸ್ಕ್ರೀನ್ ನೋಡಿ ಕೈ ಹಿಂದೆ ಕಟ್ಟಿಕೊಂಡು ನಿಂತರು. “ನಂಗ್ಯಾಕವ್ವ ಇದರ ಉಸಾಬರಿ,” ಎಂದರು. ಮುಟ್ಟಲಿಲ್ಲ. ಅಕ್ಕ ಮೆಷಿನ್ನಿನ ಪಕ್ಕದ ಸ್ಟೂಲ್ ಮೇಲೆ ಕೂತರು. ಎರಡೂ ಇಪ್ಪತ್ತಕ್ಕೆ ಕನಕಪುರದ ಬಸ್ಸು ಗೇಟಿನಲ್ಲಿ ಹಾರ್ನ್ ಮಾಡಿತು. ಜೊತೆಯವರಲ್ಲಿ ಒಬ್ಬರು ಒಳಗೆ ಇಣುಕಿದರು.

“ಅಕ್ಕೋ, ಬತ್ತೀಯೋ ಇಲ್ಲೇ ಚಾಪೆ ಹಾಸ್ಕತೀಯೋ?”

“ನೀವು ಹೋಗ್ರವ್ವ. ನಾನು ಇದರ ಕಾವಲಿಗೆ ಕುಂತಿವ್ನಿ.”

“ನಿನ್ ಬುಟ್ಟು ಹೋದ್ರೆ ನಿನ್ ಅತ್ತೆ ನಮ್ ಗ್ರಹಚಾರ ಬುಡಿಸ್ತಾಳೆ. ಎದ್ದು ಬಾ, ಇಲ್ಲಾಂದ್ರೆ ನಾವೂ ಕುಂತ್ಕತೀವಿ.”

ಅಷ್ಟರಲ್ಲಿ ಬಸ್ ಡ್ರೈವರೇ ಬಂದರು. ಫೋನ್ ಎತ್ತಿ ಹಿಡಿದು ತೋರಿಸಿದರು. “ಲೇಟಾದ್ರೆ ನಂಗೂ ಇದ್ರಲ್ಲಿ ಕೆಂಪು ಬತ್ತದೆ ಕಣಕ್ಕ. ಆಗ್ಲೇ ಬಂದೈತೆ ನೋಡು.”

“ಬರ್ಲಿ ಬುಡಣ್ಣ. ನೀನೂ ನನ್ ಜೊತೆಗೇ ಕೆಂಪಾಗು.”

ಡ್ರೈವರ್ ನಕ್ಕುಬಿಟ್ಟರು. ಹೋಗಿ ಬಸ್ಸಿನ ಎಂಜಿನ್ ಆರಿಸಿದರು. ಹೆಂಗಸರು ಇಳಿದು ಸೈಕಲ್ ಸ್ಟ್ಯಾಂಡಿನ ನೆರಳಿನಲ್ಲಿ ಸಾಲಾಗಿ ಕೂತರು. ಘೋಷಣೆ ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ಒಬ್ಬರು ಊಟದ ಡಬ್ಬಿಯಲ್ಲಿ ಉಳಿದಿದ್ದ ಕಡಲೆಕಾಯಿ ಹಂಚಿದರು. ಅವರು ಎದ್ದು ಹೋಗುವುದಿಲ್ಲ ಎಂಬುದು ಮ್ಯಾನೇಜರಿಗೆ ಕಿಟಕಿಯಿಂದಲೇ ತಿಳಿಯಿತು.

ಮೂರು ಗಂಟೆಗೆ ಅವರು ಮುಖ್ಯ ಕಚೇರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆ ಕಡೆಯವರು ಯಾವುದಾದರೂ ಒಂದನ್ನು ಹಾಕಿ ಮುಗಿಸಿ ಎಂದರು.

ಅಕ್ಕ ಸ್ಟೂಲಿನಿಂದ ಏಳದೆ ಹೇಳಿದರು: “ಹಂಗಾದ್ರೆ ನೀವೇ ಒತ್ತಿ ಸಾರ್, ನಿಮ್ ಹೆಸ್ರಲ್ಲಿ. ನಾನು ಬ್ಯಾಡ ಅನ್ನಕ್ಕಿಲ್ಲ.”

ಮ್ಯಾನೇಜರ್ ತಮ್ಮ ಲಾಗಿನ್ ಹಾಕಿದರು. ಬೆರಳು ಏಳನೆಯ ಸಾಲಿನ ಹತ್ತಿರ ಹೋಯಿತು. ಅದರ ಕೆಳಗೆ ‘ನಾನು ಖುದ್ದಾಗಿ ಪರಿಶೀಲಿಸಿದ್ದೇನೆ’ ಎಂಬ ಸಾಲು ಇಂಗ್ಲಿಷಿನಲ್ಲಿತ್ತು. ಹಿಂದಿನ ಎರಡೂ ಸಲ ನಾನು ಅದನ್ನು ಓದದೆ ದಾಟಿದ್ದೆ. ಅವರು ಓದಿದರು. ಬೆರಳು ಹಿಂದೆ ತೆಗೆದರು. ಫೋನಿನಲ್ಲಿದ್ದವರಿಗೆ, “ಇಲ್ಲ, ಇದು ಆಗಲ್ಲ. ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ,” ಎಂದರು. ಆ ಕಡೆಯವರು ಆಗುವುದಿಲ್ಲ ಎಂದರು. ಹಾಗಾದರೆ ಮೆಷಿನ್ ಹೀಗೇ ಇರುತ್ತದೆ ಎಂದು ಇವರು ಫೋನ್ ಇಟ್ಟರು.

ನಾಲ್ಕು ಗಂಟೆಗೆ ಐದು ನಿಮಿಷವಿದ್ದಾಗ ಎಂಟನೆಯ ಸಾಲು ಬಂತು, ಇಂಗ್ಲಿಷಿನಲ್ಲಿ. ಆಗುವುದೇ ಇಲ್ಲ ಎಂದಿದ್ದಕ್ಕೆ ಹಿಡಿದದ್ದು ಒಂದು ಗಂಟೆಯೂ ಅಲ್ಲ. ಅಕ್ಕ ನನ್ನಿಂದ ಓದಿಸಿದರು. ‘ಕಾರಣ ಪತ್ತೆಯಾಗಿಲ್ಲ, ಪರಿಶೀಲನೆ ಬೇಕು’ ಎಂದು ಕನ್ನಡದಲ್ಲಿ ಹೇಳಿದೆ.

“ನನ್ ತಪ್ಪು ಅಂತ ಎಲ್ಲಾದ್ರೂ ಐತಾ?”

“ಇಲ್ಲ.”

“ಇನ್ನೊಂದ್ಸಲ ಓದಿ.”

ಓದಿದೆ. ಆಮೇಲೆ ಅಕ್ಕ ಒತ್ತಿದರು. ಹೊರಗೆ ಬಸ್ಸು ಸ್ಟಾರ್ಟ್ ಆಯಿತು.

ಆ ಸಾಲಿನ ಮೇಲೆಯೇ ಅನುಮತಿ ಸಿಕ್ಕಿ, ಮಾರನೆಯ ದಿನ ಮೇಸ್ತ್ರಿ ಅಚ್ಚು ಬಿಚ್ಚಿದರು. ಎರಡು ಹೋಳುಗಳನ್ನು ಸರಿಯಾಗಿ ಕೂಡಿಸುವ ಒಂದು ಗೂಟದ ಮೇಲೆ ಕೂದಲೆಳೆಯಂಥ ಗೀರಿತ್ತು. ಹಳೆಯದೋ ಹೊಸದೋ ಹೇಳಲಾಗುವುದಿಲ್ಲ ಎಂದರು. ಉಜ್ಜಿ, ಎಣ್ಣೆ ಹಚ್ಚಿ ಕೂಡಿಸಿದರು. ಅಕ್ಕನ ಕಿವಿಯೇ ಗೆದ್ದಿತು ಎಂದು ಬರೆಯಲು ನನ್ನಲ್ಲಿ ಆಧಾರವಿಲ್ಲ. ಸೋತಿತು ಎನ್ನಲೂ ಇಲ್ಲ. ಅವರು ತಪ್ಪು ಮಾಡಿದರು ಎನ್ನುವುದಕ್ಕಂತೂ ಆಧಾರ ಎಂದೂ ಇರಲಿಲ್ಲ.

ತಿಂಗಳ ಕೊನೆಗೆ ಹೊಸ ಕಾಂಟ್ರ್ಯಾಕ್ಟಿಗೆ ಸಹಿ ಹಾಕಲು ಅವರನ್ನು ಆಫೀಸಿಗೆ ಕರೆದರು. ಅಕ್ಕ ನನ್ನನ್ನೂ ಬರಲು ಹೇಳಿದರು. ಕಾಗದವಿಲ್ಲ, ಟ್ಯಾಬ್ಲೆಟ್ಟಿನಲ್ಲಿ ಬೆರಳಿನಿಂದ ಸಹಿ. ಅಕ್ಕ ಮೊದಲು ತಮ್ಮ ದಾಖಲೆ ತೋರಿಸಿ ಎಂದರು. ಹಳೆಯ ಎರಡು ಏಳನೆಯ ಕಾರಣಗಳು ಅಲ್ಲೇ ಇದ್ದವು.

“ಇವೆರಡೂ ತೆಗೀರಿ.”

“ಹಳೇದನ್ನ ತೆಗೆಯೋಕೆ ಸಿಸ್ಟಮ್ ಬಿಡಲ್ಲಮ್ಮ,” ಎಂದರು ಆಫೀಸಿನ ಹುಡುಗಿ. “ಕೆಲಸ ಸಿಕ್ತಲ್ಲ, ಸಹಿ ಮಾಡಿ.”

ಆ ಎರಡನ್ನೂ ಪರಿಶೀಲಿಸದೆ ಒತ್ತಿದವನು ನಾನು, ಅವು ತಪ್ಪು ದಾಖಲೆಗಳು ಎಂದು ನಾನು ಬರೆದು ಸಹಿ ಮಾಡಿದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಪತ್ರಿಕೆಯಾಗಿದ್ದರೆ ಇಷ್ಟು ಹೊತ್ತಿಗೆ ತಿದ್ದುಪಡಿ ಅಚ್ಚಾಗಿರುತ್ತಿತ್ತು. ಹುಡುಗಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದನ್ನು ಸೇರಿಸಲು ಜಾಗವಿಲ್ಲ ಎಂದರು.

ಅಕ್ಕ ಟ್ಯಾಬ್ಲೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಸಹಿಯ ಚೌಕದೊಳಗೆ, ಎಡಗಡೆಯ ಮೂಲೆಯಿಂದ ಶುರುಮಾಡಿ, ಒಂದೊಂದೇ ಅಕ್ಷರವನ್ನು ಬೆರಳಿನಲ್ಲಿ ಒತ್ತಿ ಒತ್ತಿ ಬರೆದರು: ‘ಹಿಂದಿನ ಎರಡು ತಪ್ಪು ನನ್ನದಲ್ಲ’. ಚೌಕ ತುಂಬಿತು. ಹೆಸರಿಗೆ ಜಾಗ ಉಳಿಯಲಿಲ್ಲ.

“ಅಯ್ಯೋ, ಅಲ್ಲಿ ಬರೀ ಹೆಸರು ಬರೀಬೇಕಮ್ಮ,” ಎಂದು ಹುಡುಗಿ ಅದನ್ನು ಅಳಿಸಿದರು.

“ಹೆಸ್ರೂ ಬರೀತೀನಿ ತಾಯಿ. ಅದುನ್ನ ಬರ್ದ ಮೇಲೆ,” ಎಂದ ಅಕ್ಕ ಮತ್ತೆ ಎಡಗಡೆಯ ಮೂಲೆಗೆ ಬೆರಳಿಟ್ಟರು. “ಈ ಚೌಕ ಸಾಲ್ದು. ಒಸಿ ದೊಡ್ಡದು ಕೊಡಿ.”