ಖಾಲಿ ಹೊಟ್ಟೆಯ ಚಹಾ

ನಾನು ದಪ್ಪಗಾಗಿದ್ದಕ್ಕೆ ನಮ್ಮತ್ತೆ ಮೊದಲು ದೂರಿದ್ದು ಕೆನಾಲನ್ನು. ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದು ದೋರನಹಳ್ಳಿಯ ನಮ್ಮ ಹೊಲ ಮುಟ್ಟಿದ ಮೇಲೆ ಜೋಳ ಹೋಗಿ ಭತ್ತ ಬಂದಿತ್ತು. ಹಬ್ಬಕ್ಕಷ್ಟೇ ಬೇಯುತ್ತಿದ್ದ ಅನ್ನ ಎರಡು ಹೊತ್ತೂ ಬೇಯತೊಡಗಿತ್ತು. "ಅನ್ನ ಉಂಡ್ರ ಮೈ ಉಬ್ಬತದ, ನಿದ್ದಿ ಬರ್ತದ. ರೊಟ್ಟಿ ತಿನ್ನು, ಎಲ್ಲಾ ಇಳೀತದ," ಎಂದು ಅತ್ತೆ ನನ್ನ ತಾಟಿನಿಂದ ಅನ್ನ ತೆಗೆದು ರೊಟ್ಟಿ ಹಾಕಿದಳು. ನಾನು ರೊಟ್ಟಿ ತಿಂದೆ, ಇನ್ನೂ ದಪ್ಪಗಾದೆ. ಅದಕ್ಕೂ ಅವಳ ಬಳಿ ಉತ್ತರವಿತ್ತು. "ಈಗಿನ ಜ್ವಾಳಾನೂ ಕೆನಾಲ್ ನೀರಽ ಕುಡದದಲ್ಲ!"

ಆ ಬೇಸಿಗೆ ಊರಿಗೆ ಊರೇ ಅಂಗಳಕ್ಕೆ ನೀರು ಚೆಲ್ಲಿ, ತಲೆಗೆ ಹಸಿ ಟವೆಲ್ ಸುತ್ತಿ ಕೂತಿದ್ದರೆ ನಾನು ಫ್ಯಾನ್ ಆರಿಸಿ ಕೌದಿ ಹೊದ್ದು ಮಲಗುತ್ತಿದ್ದೆ. ನಮ್ಮವರು ಫ್ಯಾನ್ ಹಾಕುವುದು, ನಾನು ಆರಿಸುವುದು, ಅವರು ಹಾಕುವುದು, ನಾನು ಆರಿಸುವುದು. ಕೊನೆಗೆ ಅವರೇ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದರು. ಯಾದಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಯಾವುದೋ ಚಳಿಗಾಲದಲ್ಲಿ ಕೊಂಡಿದ್ದ ಕೆಂಪು ಸ್ವೆಟರ್ ತೊಟ್ಟು ನಾನು ಅಂಗನವಾಡಿಗೆ ಹೊರಟರೆ ಓಣಿಯ ಹೆಂಗಸರು ಕೈಯಲ್ಲಿದ್ದ ಮೊರ ಕೆಳಗಿಟ್ಟು ನೋಡುತ್ತಿದ್ದರು.

"ಏನ್ರಿ ಟೀಚರ್, ಕಾಶ್ಮೀರಕ್ಕ ಹೊಂಟೀರೇನು?"

"ಹೌದ್ರಿ, ಬರ್ತೀರೇನು?" ಅನ್ನುತ್ತಿದ್ದೆ. ನಗುವಷ್ಟು ಶಕ್ತಿ ಇನ್ನೂ ಉಳಿದಿತ್ತು.

ಮಧ್ಯಾಹ್ನ ಉಂಡ ಮೇಲೆ ಮಕ್ಕಳನ್ನು ಮಲಗಿಸುವುದು ಅಂಗನವಾಡಿಯಲ್ಲಿ ನನ್ನ ಕೆಲಸ. ಮಕ್ಕಳು ಮಲಗುವ ಮೊದಲೇ ನಾನು ಮಲಗಿರುತ್ತಿದ್ದೆ. ಒಂದು ದಿನ ಕಣ್ಣು ಬಿಟ್ಟರೆ ಮಕ್ಕಳೆಲ್ಲ ಸುತ್ತ ಕೂತು, ಬಾಯಿ ಮೇಲೆ ಬೆರಳಿಟ್ಟು ಒಬ್ಬರನ್ನೊಬ್ಬರು ಸುಮ್ಮನಾಗಿಸುತ್ತಿದ್ದವು. ಒಂದು ಹುಡುಗಿಯಂತೂ ನನ್ನ ಬೆನ್ನು ತಟ್ಟುತ್ತಿದ್ದಳು. ಎಷ್ಟು ಚೆನ್ನಾಗಿ ತಟ್ಟುತ್ತಿದ್ದಳೆಂದರೆ ನಾನು ಮತ್ತೆ ಕಣ್ಣು ಮುಚ್ಚಿದೆ.

ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಮತ್ತೊಮ್ಮೆ ಹಾಕುತ್ತಿದ್ದೆ. ಬಾಚಿದರೆ ಹಣಿಗೆಯ ತುಂಬ ಕೂದಲು. ಹೊಟ್ಟೆಯ ಸಂಗತಿ ಬರೆಯಬಾರದು, ಆದರೂ ಬರೆಯುತ್ತೇನೆ. ಬೆಳಿಗ್ಗೆ ತಂಬಿಗೆ ಹಿಡಿದು ಹೋದವಳು ಸುಮ್ಮನೆ ಕೂತು, ಹೋಗಿಬರುವವರ ಸುದ್ದಿಯನ್ನೆಲ್ಲ ಕೇಳಿಸಿಕೊಂಡು, ಹೋದ ಹಾಗೆಯೇ ಮರಳುತ್ತಿದ್ದೆ. ಊರಿನ ಅಷ್ಟೊಂದು ಗುಟ್ಟು ನನಗೆ ಗೊತ್ತಾದದ್ದು ಆ ತಿಂಗಳುಗಳಲ್ಲೇ.

ಇಷ್ಟಾದರೂ ಅತ್ತೆ ಜಗ್ಗಲಿಲ್ಲ. ಅವಳು ಜಗ್ಗಿದ್ದು ನನ್ನ ದನಿ ಹೋದಾಗ.

ಅತ್ತೆ ಒಂದು ಕಾಲಕ್ಕೆ ಸುತ್ತಮುತ್ತಲಿನ ಮದುವೆಮನೆಗಳ ಹಾಡುಗಾರ್ತಿ. ಹಲ್ಲು ಉದುರಿ ಮಾತೆಲ್ಲ ಗಾಳಿಯಾಗತೊಡಗಿದಾಗ ಬಾಯಿಗೆ ಸೆರಗು ಹಿಡಿದು, ಮಂದಿಯ ಮುಂದೆ ಹಾಡುವುದನ್ನೇ ಬಿಟ್ಟಿದ್ದಳು. ಸುರಪುರದ ತವರಿನಿಂದ ನಾನು ಸೊಸೆಯಾಗಿ ಬಂದ ಮೇಲೆ, ರೊಟ್ಟಿ ಬಡಿಯುತ್ತ ಬಡಿಯುತ್ತ ತನ್ನ ಹಾಡುಗಳನ್ನೆಲ್ಲ ನನಗೆ ಕಲಿಸಿದಳು. ನಾದಿನಿ ಆಗ ಎರಡು ಜಡೆಯ ಹುಡುಗಿ. ಒಲೆಯ ಮುಂದೆ ಕೂತು ಕೇಳುತ್ತ, "ವೈನಿ, ನನ್ನ ಮದುವ್ಯಾಗೂ ನೀನಽ ಹಾಡಬೇಕು ನೋಡು," ಅನ್ನುತ್ತಿದ್ದಳು. ನಾನೂ ದೊಡ್ಡದಾಗಿ ಹೂಂ ಅಂದಿದ್ದೆ.

ನಮ್ಮ ಕಡೆ ಮದುವೆ ಕೆಲಸಗಳಲ್ಲಿ ಹೆಣ್ಣಿನವರು, ಗಂಡಿನವರು ಎದುರುಬದುರು ಕೂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಕಾಡಿಸುತ್ತಾರೆ. ಒಂದು ಕಡೆಯವರು ಹಾಡಿದರೆ ಇನ್ನೊಂದು ಕಡೆಯವರು ಅಲ್ಲೇ ಕಟ್ಟಿ ಉತ್ತರ ಹಾಡಬೇಕು. ಉತ್ತರ ಕೊಡದಿದ್ದರೆ ಸೋತಂತೆ, ಸೋತವರನ್ನು ಮೊಮ್ಮಗು ತೊಟ್ಟಿಲಿಗೆ ಬರುವತನಕ ಆಡಿಕೊಳ್ಳುತ್ತಾರೆ. ದೀಪಾವಳಿ ಮುಗಿದ ಮೇಲೆ ನಾದಿನಿಯ ನಿಶ್ಚಯಕ್ಕೆ ಮುದನಾಳದಿಂದ ಬೀಗರು ಬಂದರು. ಅವರ ಜೊತೆ ಗಂಡಿನ ಸೋದರತ್ತೆ. ತೆಳ್ಳನೆಯ ಹೆಂಗಸು, ದನಿ ಮಾತ್ರ ಊರ ಹೊರಗೂ ಕೇಳುವಂಥದ್ದು. ಊಟಕ್ಕೆ ಕೂತವಳೇ ನಮ್ಮ ಹೋಳಿಗೆಯಲ್ಲಿ ಹೂರಣ ಹುಡುಕಲು ಕಂದೀಲು ಹಚ್ಚಬೇಕಾಯಿತೆಂದು ಹಾಡಿದಳು. ಎಲ್ಲರೂ ನನ್ನತ್ತ ತಿರುಗಿದರು.

ನಾನು ಬಾಯಿ ತೆರೆದೆ. ಹೊರಬಂದದ್ದು ಗಂಡಸಿನ ದನಿ. ಬಾಗಿಲ ಬಳಿ ಕೂತಿದ್ದ ಮುದುಕಿಯೊಬ್ಬಳು ಯಾರು ಒಳಗೆ ಬಂದರೋ ಎಂದು ತಲೆ ಮೇಲೆ ಸೆರಗು ಎಳೆದುಕೊಂಡಳು.

"ಯವ್ವಾ, ನಿಮ್ಮ ಕಡಿ ಗಂಡಸರು ಹಾಡ್ತಾರೇನು?" ಎಂದಳು ಸೋದರತ್ತೆ. ಮನೆ ತುಂಬ ನಗು. ನಾನೂ ನಕ್ಕೆ, ಆ ನಗುವೂ ಗೊರಗೊರ ಅಂತ ಬಂತು, ಅದಕ್ಕೆ ಇನ್ನಷ್ಟು ನಕ್ಕರು. ನಗದಿದ್ದವರು ಇಬ್ಬರೇ, ಅತ್ತೆ ಮತ್ತು ನಾದಿನಿ. ಆ ಹೊತ್ತು ನನಗೆ ಒಳಗೊಳಗೇ ಭಯವಾಯಿತು. ಮೈ ಉಬ್ಬಿದರೆ ಉಬ್ಬಲಿ, ಕೂದಲು ಉದುರಿದರೆ ಉದುರಲಿ. ದನಿಯೇ ಹೋದರೆ ನಾದಿನಿಗೆ ಕೊಟ್ಟ ಮಾತಿನ ಗತಿಯೇನು?

ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಅತ್ತೆ ನನ್ನನ್ನು ಹತ್ತಿಸಿಕೊಂಡು ಯಾದಗಿರಿಗೆ ಹೊರಟಳು. ಡಾಕ್ಟರಮ್ಮನ ಮುಂದೆ ನನಗೆ ಮಾತಾಡಲು ಬಿಡಲಿಲ್ಲ. "ನಮ್ಮ ಸೊಸಿ ದನಿ ಬಿದ್ದದ್ರಿ. ಬ್ಯಾಸಗಿಗೆ ಮದುವಿ ಅದ, ಅಷ್ಟರಾಗ ಬೇಕ್ರಿ," ಎಂದಳು, ಸುಟ್ಟ ಪಂಪಿನ ಮೋಟರನ್ನು ರಿಪೇರಿಗೆ ಬಿಟ್ಟವಳಂತೆ. ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿದರು, ನಿದ್ದೆ ಕೇಳಿದರು, ಚಳಿ ಕೇಳಿದರು, ನನ್ನ ಸ್ವೆಟರ್ ನೋಡಿ ಉತ್ತರವನ್ನು ತಾವೇ ಬರೆದುಕೊಂಡರು. ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಹೇಳಿದರು: ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುತ್ತಿದೆ, ಮೈ, ನಿದ್ದೆ, ಚಳಿ, ಕೂದಲು, ಹೊಟ್ಟೆ, ದನಿ, ಎಲ್ಲಕ್ಕೂ ಅದೊಂದೇ ಕಾರಣ.

ನಾನು ಕುಣಿಯುವುದೊಂದು ಬಾಕಿ. ಸೋಮಾರಿಯಲ್ಲ, ಮಂದಬುದ್ಧಿಯವಳಲ್ಲ, ಅನ್ನದ ಆಸೆಬುರುಕಿಯೂ ಅಲ್ಲ. ನನಗೆ ರೋಗವಿದೆ! ಅಷ್ಟು ಸಂತೋಷದಿಂದ ರೋಗದ ಹೆಸರು ಕೇಳಿದವರನ್ನು ಆ ಡಾಕ್ಟರಮ್ಮ ಮತ್ತೆ ನೋಡಿರಲಾರರು.

ಅತ್ತೆಗೆ ಮಾತ್ರ ಲೆಕ್ಕ ಕೂಡಲಿಲ್ಲ. "ಕಡಿಮಿ ಆಗಿದ್ರ ಬಡಕ ಆಗಬೇಕಲ್ರಿ? ಇಕಿ ಹ್ಯಾಂಗ ಉಬ್ಬ್ಯಾಳ?" ಡಾಕ್ಟರಮ್ಮ ನಕ್ಕು, ದಿನಾ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ ಎಂದು ಬರೆದುಕೊಟ್ಟರು.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ನಮ್ಮಲ್ಲಿ ಚಹಾ ಹೊಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ಉಪವಾಸದ ದಿನ ನೀರೂ ಬೇಡವೆನ್ನುವ ಹೆಂಗಸರು ಚಹಾ ಬೇಡವೆನ್ನುವುದಿಲ್ಲ. ಕಂಠಮಟ ಚಹಾ ಕುಡಿದವರು ಕೂಡ "ಮುಂಜಾನಿಂದ ಹೊಟ್ಟೀಗಿ ಏನೂ ಇಲ್ಲ" ಅನ್ನುತ್ತಾರೆ, ಮತ್ತು ಅದು ಸುಳ್ಳಲ್ಲ. ಅಲ್ಲದೆ ಏಳುತ್ತಲೇ ನಾನೂ ಅತ್ತೆಯೂ ಒಲೆಯ ಮುಂದೆ ಕೂತು ಕುಡಿಯುವ ಚಹಾ ನಮ್ಮಿಬ್ಬರದೇ ಆಗಿತ್ತು. ಮನೆಯ ಗಂಡಸರು ಏಳುವ ಮೊದಲಿನ ಆ ಹೊತ್ತಿನಲ್ಲೇ ನಮ್ಮ ಜಗಳ, ನಮ್ಮ ರಾಜಿ, ನಮ್ಮ ಹಾಡು ಎಲ್ಲ ನಡೆಯುತ್ತಿದ್ದವು. ಗುಳಿಗೆ ನೋಡಿದರೆ ಸಾಸಿವೆಗಿಂತ ಸ್ವಲ್ಪ ದೊಡ್ಡದು. "ಇಷ್ಟು ಮೈಗೆ ಇಷ್ಟಽ ಗುಳಿಗಿ?" ಎಂದು ಅತ್ತೆ ಮರುಗಿ, ಅದು ನಾಲಿಗೆಗೆ ಅಂಟಿ ಹಾಳಾಗದಿರಲೆಂದು ನನ್ನ ಚಹಾದಲ್ಲೇ ಕರಗಿಸಿ ಕೊಡತೊಡಗಿದಳು. ತಳದಲ್ಲಿ ಏನಾದರೂ ಉಳಿದೀತೆಂದು ಕಪ್ಪಿಗೆ ಮತ್ತೆ ಸ್ವಲ್ಪ ಚಹಾ ಹಾಕಿ, ತೊಳೆದು, ಅದನ್ನೂ ಕುಡಿಸುತ್ತಿದ್ದಳು.

ಸಂಕ್ರಾಂತಿ ಬಂತು, ಹೋಯಿತು. ಸ್ವೆಟರ್ ಮೈಮೇಲೆಯೇ ಇತ್ತು, ದನಿ ಗಂಟಲ ತಳದಲ್ಲೇ ಇತ್ತು. ಮತ್ತೆ ಯಾದಗಿರಿ, ಮತ್ತೆ ರಕ್ತ. ಡಾಕ್ಟರಮ್ಮ ರಿಪೋರ್ಟನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

"ಗುಳಿಗಿ ಬರೋಬ್ಬರಿ ತಗೋಳಾಕತ್ತೀರಿಲ್ಲ?"

"ಒಂದಿನಾನೂ ತಪ್ಪಿಲ್ರಿ," ಅತ್ತೆ ಎದೆ ಮುಂದೆ ಮಾಡಿದಳು, "ನಾನಽ ಕೈಯಾರೆ ಕೊಡ್ತೀನ್ರಿ."

"ಖಾಲಿ ಹೊಟ್ಟೀಲೆ?"

"ಖಾಲಿ ಹೊಟ್ಟೀಲೇನಽ ರಿ. ಚಾದಾಗ ಕರಗಿಸಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಚಾ ಕುಡದ ಮ್ಯಾಲ ಹೊಟ್ಟಿ ಖಾಲಿ ಹ್ಯಾಂಗ ಉಳೀತದವ್ವಾ?"

"ಚಾ ಏನು ಊಟ ಏನ್ರಿ?" ಅತ್ತೆ ನಿಜಕ್ಕೂ ಬೆರಗಾಗಿದ್ದಳು. ನಾನೂ ಬೆರಗಾಗಿದ್ದೆ, ಅತ್ತೆಯ ಪರವಾಗಿ ತಲೆ ಕೂಡ ಆಡಿಸಿದೆ. ಡಾಕ್ಟರಮ್ಮ ನಕ್ಕು ಸುಸ್ತಾಗಿ, ಮತ್ತೆ ಮಕ್ಕಳಿಗೆ ಹೇಳಿದಂತೆ ಬಿಡಿಸಿ ಹೇಳಿದರು. ಬರೀ ನೀರಿನಲ್ಲಿ ಗುಳಿಗೆ ನುಂಗಬೇಕು. ಆಮೇಲೆ ಒಂದು ತಾಸು ಚಹಾ ಇಲ್ಲ, ಹಾಲಿಲ್ಲ, ಏನೂ ಇಲ್ಲ. ಚಹಾ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ.

ಮರಳುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು. ಭೀಮಾ ಸೇತುವೆ ದಾಟುವಾಗ ಹೊರಗೆ ನೋಡುತ್ತ, "ಎದ್ದು ಒಂದು ತಾಸು ಚಾ ಇಲ್ಲದ ಮನಷ್ಯಾ ಹ್ಯಾಂಗ ಬದಕ್ತಾನ?" ಎಂದಳು.

ಮರುದಿನ ಮುಂಜಾನೆ ನನ್ನ ಕೈಗೆ ಗುಳಿಗೆಯನ್ನೂ ನೀರಿನ ಲೋಟವನ್ನೂ ಕೊಟ್ಟು ಎದುರಿಗೆ ಕೂತಳು. ಒಲೆಯ ಮೇಲೆ ಏನೂ ಇರಲಿಲ್ಲ.

"ಅತ್ತಿ, ನೀವಾದ್ರೂ ಕುಡೀರಿ."

"ನೀ ಕುಡಿಯೋತನಕ ನಂಗೂ ಬ್ಯಾಡ. ಕೆಡಿಸಿದಾಕಿ ನಾನಽ ಅಲ್ಲೇನು?"

ನಾನು ಬೈದೆ, ಬೇಡಿಕೊಂಡೆ, ನಮ್ಮವರಿಂದ ಹೇಳಿಸಿದೆ. ಕೇಳಲಿಲ್ಲ. ಬುದ್ಧಿ ಬಂದಾಗಿನಿಂದ ಎದ್ದ ಕೂಡಲೇ ಚಹಾ ಕುಡಿದ ಜೀವ ಅದು. ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಪಡಸಾಲೆಯ ಗೋಡೆಯತ್ತ ಮುಖ ಮಾಡಿ ಕೂರುತ್ತಿದ್ದಳು. ಗಡಿಯಾರ ನೋಡಲು ಬಾರದು. ಗೋಡೆಯ ಮೇಲೆ ಬಿದ್ದ ಬಿಸಿಲು ಇಳಿಯುತ್ತ ದೀಪದ ಗೂಡಿಗೆ ಬಂದರೆ ತಾಸಾಯಿತೆಂದು ನಾವು ಗುರುತು ಮಾಡಿಕೊಂಡಿದ್ದೆವು. "ಇವತ್ತ್ಯಾಕ ಹೊತ್ತು ಏಳವಲ್ದು?" ಎಂದು ಸೂರ್ಯನಿಗೂ ಬೈಗುಳ. ಮೋಡ ಬಂದ ದಿನ ಅವಳ ಮುಂದೆ ಸುಳಿಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮುಂಜಾನೆ ನಮ್ಮ ಮನೆಯಲ್ಲಿ ಹೊಗೆ ಏಳದ್ದನ್ನು ಕಂಡು, ಮದುವೆ ಖರ್ಚಿಗಾಗಿ ಇವರು ಚಹಾ ಬಿಟ್ಟಿದ್ದಾರೆಂದು ಓಣಿಯಲ್ಲಿ ಸುದ್ದಿಯಾಯಿತು. ಎದುರುಮನೆಯವಳು ಸೆರಗಿನಲ್ಲಿ ಮುಚ್ಚಿ ಸಕ್ಕರೆ ತಂದುಕೊಟ್ಟಳು. ಅತ್ತೆ ಅದನ್ನು ಇಸಿದುಕೊಂಡು ಗೂಡಿಗೆ ಬಿಸಿಲು ಬಂದ ಮೇಲೆ ಹಾಕಿ ಕುದಿಸಿದಳು.

ಬೇಸಿಗೆ ಏರುತ್ತಿದ್ದಂತೆ ಒಂದು ಮಧ್ಯಾಹ್ನ ನನಗೆ ಬೆವರು ಬಂತು. ಬೆವರು! ಕುತ್ತಿಗೆ ಒರೆಸಿ ಅಂಗೈ ನೋಡಿಕೊಂಡೆ, ಓಡಿಹೋಗಿ ಅತ್ತೆಗೆ ತೋರಿಸಿದೆ. ಸ್ವೆಟರ್ ಕಳಚಿ ಗೂಟಕ್ಕೆ ಹಾಕಿದೆ, ನಾನೇ ಎದ್ದು ಫ್ಯಾನ್ ಹಚ್ಚಿದೆ. ಆ ಸದ್ದು ಕೇಳಿ ನಮ್ಮವರು ಅವತ್ತೇ ಮಾಳಿಗೆಯಿಂದ ಹಾಸಿಗೆ ಇಳಿಸಿದರು. ಅಂಗನವಾಡಿಯ ಮಕ್ಕಳಿಗೆ ಮಾತ್ರ ನಾನು ಎಚ್ಚರವಿರುವುದು ಅಷ್ಟು ಹಿಡಿಸಲಿಲ್ಲ. ದನಿಯೂ ಬರತೊಡಗಿತ್ತು, ಆದರೆ ಅದಕ್ಕೆ ಅದರದೇ ಹಟ. ಕೆಳಗಿನ ಸಾಲು ಸರಿಯಾಗಿ ಬರುತ್ತಿತ್ತು, ಮೇಲಕ್ಕೆ ಏರಿಸಿದರೆ ಒಡೆಯುತ್ತಿತ್ತು. ಮದುವೆಯ ಹಿಂದಿನ ದಿನವೂ ಒಡೆಯಿತು.

ಮದುವೆ ಮುದನಾಳದಲ್ಲಿ, ಗಂಡಿನ ಮನೆಯಲ್ಲಿ. ನಸುಕಿನಲ್ಲೇ ಟೆಂಪೋ ತುಂಬಿಕೊಂಡು ಹೊರಟೆವು. ಸೇತುವೆಯ ಮೇಲೆ ಅತ್ತೆ ಹಣೆ ಬಡಿದುಕೊಂಡಳು. "ಗುಳಿಗಿ!" ಗಡಿಬಿಡಿಯಲ್ಲಿ ಮರೆತಿದ್ದೆವು. ಪುಣ್ಯಕ್ಕೆ ಅವಳ ಸೆರಗಿನ ಗಂಟಿನಲ್ಲಿ ಒಂದಿತ್ತು. ಅಲ್ಲೇ ನುಂಗಿ ನೀರು ಕುಡಿದೆ. ಮುದನಾಳದಲ್ಲಿ ಇಳಿದು ಚಪ್ಪರದ ಕೆಳಗೆ ಕೂತಿರಲಿಲ್ಲ, ತಾಟಿನ ತುಂಬ ಕಪ್ಪು ಇಟ್ಟುಕೊಂಡು ಬೀಗತಿ, ಅಂದರೆ ಗಂಡಿನ ತಾಯಿ, ಬಂದಳು. ಮೊದಲ ಕಪ್ಪು ಅತ್ತೆಗೆ.

"ತಡೀರಿ, ನಂಗ ಈಗ ಬ್ಯಾಡ," ಎಂದಳು ಅತ್ತೆ.

ಬೀಗರ ಮನೆಯ ಮೊದಲ ಚಹಾ ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ಬೀಗತಿಯ ಮುಖ ಇಳಿಯಿತು. ಅರಿಶಿನದ ಸೀರೆಯಲ್ಲಿದ್ದ ನಾದಿನಿ ಗಾಬರಿಯಿಂದ ನನ್ನ ತೋಳು ಹಿಡಿದಳು. "ಕುಡೀರಿ ಅತ್ತಿ, ಇವತ್ತೊಂದಿನ," ಎಂದು ನಾನು ಪಿಸುಗುಟ್ಟಿದೆ. ಅತ್ತೆ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಸೋದರತ್ತೆ ಸೆರಗು ಸಿಕ್ಕಿಸಿ ಸೋಬಾನದ ಹಾಡು ಎತ್ತಿಕೊಂಡೇ ಬಿಟ್ಟಳು.

"ಯಾಲಕ್ಕಿ ಹಾಕೀನಿ, ಎಮ್ಮಿ ಹಾಲ ಹೊಯ್ದೀನಿ
ಚಾ ಕೊಟ್ರ ಮಾರಿ ತಿರುವ್ಯಾಳ ಬೀಗತಿ
ಸಿಟ್ಟ ಕಟಗೊಂಡು ಬಂದಾಳೇನ ಸೋ"

ಚಪ್ಪರವೆಲ್ಲ ನನ್ನತ್ತ ನೋಡಿತು. ಹೋದರೆ ಹೋಗಲಿ ಎಂದು ಬಾಯಿ ತೆರೆದೆ.

"ಸಿಟ್ಟ ಕಟಗೊಂಡಿಲ್ಲ, ಸೊಕ್ಕೀಲೆ ನಿಂತಿಲ್ಲ
ಸೊಸಿ ಗುಳಿಗಿ ಕರಗಲೆಂದು ಕುಂತಾಳ"

ದನಿ ದಪ್ಪಗಿತ್ತು, ಆದರೆ ನನ್ನದೇ ದನಿ. ಮೂರನೆಯ ಸಾಲನ್ನು ಮೇಲಕ್ಕೆ ಒಯ್ಯಬೇಕಿತ್ತು. ಒಯ್ದೆ, ಒಡೆಯಿತು, ನಿಂತುಹೋಯಿತು. ಸೋದರತ್ತೆಯ ಕಣ್ಣು ಮಿನುಗಿದ್ದನ್ನು ಕಂಡೆ. ಆಗ ಪಕ್ಕದಿಂದ, ಹಲ್ಲಿಲ್ಲದ ಬಾಯಿಂದ, ಅರ್ಧ ಗಾಳಿ ಅರ್ಧ ಹಾಡು ಎದ್ದು, ನನ್ನ ದನಿ ಬಿದ್ದಲ್ಲಿಂದಲೇ ಮೇಲಕ್ಕೆ ಹೋಯಿತು.

"ಚಾಕಿಂತ ರುಚಿ ನನ ಸೊಸಿ ದನಿ ಸೋ"

ಅತ್ತೆಯ ಸೆರಗು ಬಾಯಿಯ ಮೇಲಿರಲಿಲ್ಲ, ನೆಲದ ಮೇಲೆ ಬಿದ್ದಿತ್ತು. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ, ನಾದಿನಿ ಕಾಡಿಗೆಯನ್ನೆಲ್ಲ ಕೆನ್ನೆಗೆ ಒರೆಸಿಕೊಂಡಳು, ಸೋದರತ್ತೆ ಬಂದು ಅತ್ತೆಯ ಗಲ್ಲ ಹಿಡಿದು ಲಟಿಕೆ ಮುರಿದಳು. ಅತ್ತೆಗೆ ಇದ್ಯಾವುದರ ಕಡೆಗೂ ಲಕ್ಷ್ಯವಿರಲಿಲ್ಲ. ಬೀಗರ ಗೋಡೆಯಲ್ಲಿ ದೀಪದ ಗೂಡು ಹುಡುಕುತ್ತಿದ್ದಳು.

"ತಾಸಾತೇನವ್ವಾ?"

"ಆತ್ರಿ, ಆತು!" ಎಂದು ಇಡೀ ಚಪ್ಪರ ಕೂಗಿತು. ಆಗಿರಲಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬೀಗತಿ ಹಿಡಿದ ಕಪ್ಪನ್ನು ಅತ್ತೆ ಇಸಿದುಕೊಂಡು, ತನ್ನ ಕಾಲ ಬಳಿ ಇಟ್ಟು, ಮೇಲೊಂದು ಬಸಿ ಮುಚ್ಚಿ, ಬಿಸಿಲು ಏರುವತನಕ ನನ್ನ ಪಕ್ಕದಲ್ಲೇ ಕೂತಳು.